ಅಲ್ಲಾಡುವ ಗೂಟ

“ಹೊಳೆ ಪಕ್ಕದ ಜಾಗದಲ್ಲಿ ಒಂದು ಹಳೇ ಗೂಟ ಇದೆ ಡಾಕ್ಟ್ರೇ. ಅದನ್ನ ಮಾತ್ರ ಕೀಳಬೇಡಿ.”

ಹಲ್ಲಿನ ಡಾಕ್ಟರ್ ಸಿರಿಂಜಿನ ಗಾಳಿ ತೆಗೆಯುತ್ತ ತಿರುಗಿ ನೋಡಿದ. ಕುರ್ಚಿಯಲ್ಲಿ ಒರಗಿದ್ದವಳು ಊರಾಚೆಯ ಕಾಡಿನಲ್ಲಿ ಕ್ಯಾಂಪ್ ಜಾಗ ನೋಡಿಕೊಳ್ಳುವ ಹೆಂಗಸು. ಟೆಂಟ್ ಎಲ್ಲಿ ಹಾಕುವುದು, ಸ್ಟೌ ಯಾರಿಂದ ಕೇಳಿ ತರುವುದು ಎಂದು ಅವನು ಹೆಂಡತಿಯೊಡನೆ ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅವಳು ಕಿವಿ ನಿಮಿರಿಸಿ ಕೇಳಿದ್ದಳು.

“ಕೀಳೋದೇ ನನ್ನ ಕಸುಬು. ಕೀಳಬೇಡ ಅಂದ್ರೆ ಹೊಟ್ಟೆಗೇನು ಮಾಡ್ಲಿ?” ಎಂದ.

ಅವಳು ನಗಲಿಲ್ಲ. “ಹಿಂದೆ ಒಬ್ಬಳು ಮಗು ಕಳಕೊಂಡು ಆ ಹೊಳೆಗೇ ಬಿದ್ದು ಸತ್ತಳು. ಆಮೇಲೆ ದಂಡೆಗೆ ಬಂದ ಮಕ್ಕಳನ್ನೆಲ್ಲ ಕರೆಯೋಳು. ಮಾಟ ಗೊತ್ತಿದ್ದೋನೊಬ್ಬನನ್ನ ಕರೆಸಿ ಅವಳನ್ನ ಆ ಗೂಟಕ್ಕೆ ಕಟ್ಟಿಸಿದ್ರು. ಗೂಟ ಬಡಿದಿದ್ದು ನಮ್ಮತ್ತೆ. ಅದು ಸುಮ್ಮನೆ ನಿಲ್ಲಲ್ಲ ಡಾಕ್ಟ್ರೇ. ಬಡಿಯೋರು ತಮ್ಮ ಕರುಳಿಂದು ಏನಾದ್ರೂ ಕೊಡಬೇಕು.”

“ನಿಮ್ಮತ್ತೆ ಏನು ಕೊಟ್ರು?”

“ನಮ್ಮೆಜಮಾನ್ರು ಆಗ ಸಣ್ಣೋರು. ಅವತ್ತಿಂದ ಅವರಮ್ಮ ಅವರನ್ನ ಒಂದಿನ ಎತ್ತಿಕೊಳ್ಳಲಿಲ್ಲ. ಊಟ ಹಾಕೋರು, ಸ್ನಾನ ಮಾಡಿಸೋರು, ಅಷ್ಟೇ. ಪಾತ್ರೆ ತೊಳೆದ ಹಾಗೆ.”

ಡಾಕ್ಟರ್ ನಗು ತಡೆದುಕೊಂಡು ಸೂಜಿ ಚುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಅವಳ ತುಟಿ ಒತ್ತಿ, ಎಲ್ಲರನ್ನೂ ಕೇಳುವ ಹಾಗೆ ಕೇಳಿದ. “ಮರಗಟ್ಟಿತಾ?”

ಆ ಊರಿಗೆ ಅವನು ಹೊಸಬ. ಹೊಸಬರಿಗೆ ಊರಿನ ಭಯಗಳೆಲ್ಲ ತಮಾಷೆಯಾಗಿಯೇ ಕಾಣುತ್ತವೆ. ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಕ್ಯಾಂಪಿನ ನಕ್ಷೆ ಹರಡಿಕೊಂಡು ಈ ಕತೆಯನ್ನು ಹೆಂಡತಿಗೆ ರಾಗವಾಗಿ ಹೇಳಿದ. ಉಳಿದ ಜಾಗಗಳೆಲ್ಲ ಬುಕ್ಕಾಗಿ, ಹೊಳೆಗೆ ಅಂಟಿಕೊಂಡ ಒಂದೇ ಒಂದು ಜಾಗ ಖಾಲಿ ಇತ್ತು.

“ಬೇರೆ ವಾರ ಹೋಗೋಣ್ವಾ?” ಎಂದಳು ಹೆಂಡತಿ.

“ಜನ ಹೆದರಿದ್ದಕ್ಕೆ ನಮಗೆ ಒಳ್ಳೇ ಜಾಗ ಸಿಕ್ಕಿದೆ, ಸುಮ್ಮನಿರು.”

ಮಗಳು ಮೇಜಿನ ಕೆಳಗೆ ಮಲಗುವ ಚೀಲದೊಳಗೆ ತೂರಿಕೊಂಡು, ಅಲ್ಲಾಡುವ ಹಾಲುಹಲ್ಲನ್ನು ನಾಲಗೆಯಿಂದ ನೂಕುತ್ತಿದ್ದಳು. ಅವಳ ಬಾಯಿಗೆ ಅಪ್ಪನಲ್ಲದೆ ಯಾರೂ ಕೈ ಹಾಕುವಂತಿಲ್ಲ. ಅವಳ ಮೊದಲ ಹಲ್ಲು ಬಿದ್ದ ದಿನ ಅವನು ಬಾಗಿಲು ಮುಚ್ಚಿಕೊಂಡು ಅತ್ತಿದ್ದ. ಊರಿನವರ ಹಲ್ಲನ್ನೆಲ್ಲ ಕಸದ ಡಬ್ಬಿಗೆ ಹಾಕುವವನು ಅದೊಂದನ್ನು ಹತ್ತಿಯಲ್ಲಿ ಸುತ್ತಿ, ಪುಟ್ಟ ಡಬ್ಬಿಯಲ್ಲಿಟ್ಟು, ಕ್ಲಿನಿಕ್ಕಿನ ಮೇಲಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಅವಳೆಂದರೆ ಅವನಿಗೆ ಜೀವ.

“ಇದು ಬಿದ್ರೆ ಇದನ್ನೂ ಅದೇ ಡಬ್ಬೀಲಿ ಇಡ್ತೀಯಾ ಅಪ್ಪಾ?”

“ಮತ್ತಿನ್ನೆಲ್ಲಿ ಇಡ್ತಾರೆ ಪುಟ್ಟಿ?”

ಅವರು ಕ್ಯಾಂಪ್ ತಲುಪಿದಾಗ ಬಿಸಿಲು ಇಳಿದಿತ್ತು. ಮರಗಳು ಒತ್ತಾಗಿ ನಿಂತು, ಬೆಳಕು ನೆಲಕ್ಕೆ ಬರುವಷ್ಟರಲ್ಲಿ ಸುಸ್ತಾದಂತೆ ಮಂಕಾಗುತ್ತಿತ್ತು. ಕೊಳೆತ ಎಲೆಯ ವಾಸನೆ, ಹಸಿ ಮಣ್ಣಿನ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಹುಳುಕು ಹಲ್ಲಿನೊಳಗೆ ಡ್ರಿಲ್ ಇಳಿದಾಗ ಬರುವಂಥದ್ದು. ಹೊಳೆ ಒಂದೇ ಸಮನೆ ಗೊಣಗುತ್ತಿತ್ತು.

ಟೆಂಟಿನ ತಳ ಹಾಸಿದಾಗ ಒಂದು ಕಡೆ ಉಬ್ಬಿ ನಿಂತಿತು. ಎತ್ತಿ ನೋಡಿದರೆ ಗೂಟ. ಕಪ್ಪಗೆ, ಓರೆಯಾಗಿ, ಮುರಿದ ಹಲ್ಲಿನ ಬೇರಿನ ಹಾಗೆ ನೆಲದಿಂದ ತುಸುವೇ ಮೇಲೆದ್ದಿತ್ತು. ಸರಿಯಾಗಿ ಮಗಳ ಬೆನ್ನು ಬರುವ ಜಾಗ.

“ಟೆಂಟನ್ನೇ ಈ ಕಡೆ ಸರಿಸಿದ್ರಾಯ್ತಲ್ಲ,” ಎಂದಳು ಹೆಂಡತಿ.

ಸರಿಸಬಹುದಿತ್ತು. ಆದರೆ ಅವನು ಗೂಟವನ್ನು ಬೆರಳಲ್ಲಿ ಒತ್ತಿ ನೋಡಿದ, ಅದು ಅಲ್ಲಾಡಿತು. ಅಲ್ಲಾಡುವ ಬೇರನ್ನು ಕಂಡೂ ಬಿಟ್ಟು ಬರುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ದಿನವೂ ಮಾಡುವಂತೆಯೇ ಮಾಡಿದ. ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು, ಆಮೇಲೆ ಮೆಲ್ಲಗೆ ಒಂದು ತಿರುವು. ಗೂಟ ಕೈಗೆ ಬಂತು. ತೂತಿನಿಂದ ತಣ್ಣನೆಯ ಉಸಿರಿನಂಥದ್ದು ಅವನ ಮುಖಕ್ಕೆ ಬಡಿಯಿತು.

“ನೋವಾಗಲಿಲ್ಲ ತಾನೇ?” ಎಂದು ನೆಲವನ್ನು ಕೇಳಿ ತಾನೇ ನಕ್ಕ.

ಹೊಳೆಯ ಗೊಣಗಾಟ ನಿಂತಿತ್ತು. ನೀರು ಹರಿಯುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಹಕ್ಕಿಗಳೂ ಸುಮ್ಮನಾಗಿದ್ದವು. ಮರದ ಬುಡಗಳಿಂದ ಕತ್ತಲೆ ಮೇಲೇರತೊಡಗಿತು.

“ಅಮ್ಮಾ, ಅಲ್ಲಿ ಯಾರೋ ನನ್ನ ಕರೀತಿದಾರೆ,” ಎಂದಳು ಮಗಳು.

“ಯಾರೂ ಇಲ್ಲ ಬಾ.”

“ಇದಾರೆ. ಅವರೂ ಅಮ್ಮನೇ ಅಂತೆ.”

ಗಂಡ ಹೆಂಡತಿ ತಿರುಗುವಷ್ಟರಲ್ಲಿ ಮಗಳು ದಂಡೆಯಲ್ಲಿದ್ದಳು. ಮಗುವಿನ ನಡಿಗೆ ಅಲ್ಲ ಅದು. ಯಾರೋ ಕೈಹಿಡಿದು ಕರೆದೊಯ್ಯುವ ನಡಿಗೆ. ಒಂದು ಕೈ ಮುಂದೆ ಚಾಚಿತ್ತು. ಅದನ್ನು ಹಿಡಿದವರು ಕಾಣುತ್ತಿರಲಿಲ್ಲ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

ಇಬ್ಬರೂ ಓಡಿದರು. ಹೆಂಡತಿ ಮಗಳನ್ನು ತಬ್ಬಿ ಹಿಡಿದಳು. ಅವನು ತೋಳು ಹಿಡಿದು ಎಳೆದ. ಆಚೆಯಿಂದಲೂ ಎಳೆತ. ಬಗ್ಗಿ ನೋಡಿದ. ನೀರಿನಡಿ ಕೂದಲು ಬಿಚ್ಚಿಕೊಂಡಿತ್ತು. ಅದರೊಳಗೆ ಬಿಳಿಚಿಕೊಂಡ ಒಂದು ಕೈ. ಮಗಳ ಬೆರಳುಗಳ ನಡುವೆ ಬೆರಳು ಹೆಣೆದಿತ್ತು.

“ಕೈ ಬಿಡಿಸೋಕಾಗ್ತಿಲ್ಲ ಕಣ್ರೀ,” ಹೆಂಡತಿ ಕೂಗಿದಳು. “ಏನಾದ್ರೂ ಮಾಡಿ.”

ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಮಾಡಿದರೆ ಏನು ಹೋಗುತ್ತದೆ ಎಂದೂ ಗೊತ್ತಿತ್ತು. ಪಾತ್ರೆ ತೊಳೆದ ಹಾಗೆ. ಮಗಳ ಕೆನ್ನೆಗೆ ಒಮ್ಮೆ ಮುತ್ತಿಟ್ಟ. ಎದೆ ಒಡೆದುಹೋಗುವಷ್ಟು ಪ್ರೀತಿ ಉಕ್ಕಿ ಬಂತು. ಅವಳನ್ನು ಹೆಂಡತಿಯ ತೋಳಿಗೆ ಬಿಟ್ಟು ಓಡಿದ.

ಗೂಟವನ್ನು ತೂತಿಗೆ ಇಟ್ಟ. ಟೆಂಟ್ ಹೊಡೆಯಲು ತಂದಿದ್ದ ಸುತ್ತಿಗೆ ಎತ್ತಿದ.

ಒಂದು ಏಟು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದ ಮಗು ನೆನಪಾಯಿತು. ನೆನಪು ಉಳಿಯಿತು, ಅದರ ಬಿಸಿ ಹೋಯಿತು.

ಮತ್ತೊಂದು. ಜ್ವರದಲ್ಲಿ ಎದೆಯ ಮೇಲೆ ಮಲಗಿದ್ದ ಭಾರ. ಹೋಯಿತು.

“ನೀರು ತಲೆವರೆಗೂ ಬಂತು ರೀ,” ಹೆಂಡತಿ ಕಿರುಚಿದಳು.

ಬಡಿದ. ಅಪ್ಪಾ ಎಂದ ಮೊದಲ ದಿನ. ಬಡಿದ. ಸೈಕಲ್ಲಿನ ಹಿಂದೆ ಓಡಿದ ಓಟ. ಬಡಿದ. ಬಾಗಿಲ ಹಿಂದಿನ ಅಳು. ಬಡಿದ. ಈಗಷ್ಟೇ ಇಟ್ಟ ಮುತ್ತು. ಗೂಟದ ತಲೆ ನೆಲಕ್ಕೆ ಸಮವಾಯಿತು.

ಹೊಳೆ ಮತ್ತೆ ಗೊಣಗತೊಡಗಿತು.

ದಂಡೆಯಲ್ಲಿ ಒಂದು ಮಗು ಕೆಮ್ಮುತ್ತ ನೀರು ಕಾರುತ್ತಿತ್ತು. ಹೆಂಡತಿ ಅದನ್ನು ಅಪ್ಪಿಕೊಂಡು ಅಳುತ್ತಿದ್ದಳು. ಅವನು ಹೋಗಿ ನಾಡಿ ನೋಡಿದ, ಚೆನ್ನಾಗಿತ್ತು. ಒಣ ಟವೆಲು ತಂದು ಕೊಟ್ಟ. ಆಮೇಲೆ ಟೆಂಟ್ ಮಡಿಸತೊಡಗಿದ. ಎದೆಯೊಳಗೆ ಎಲ್ಲವೂ ಶಾಂತವಾಗಿತ್ತು. ಸೂಜಿ ಹಾಕಿದ ದವಡೆಯ ಹಾಗೆ ಒತ್ತಿದರೆ ಒತ್ತಿದ್ದಷ್ಟೇ ತಿಳಿಯುತ್ತಿತ್ತು.

ಆ ಬಳಿಕ ಯಾರೂ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ಮಗಳನ್ನು ಶಾಲೆಗೆ ಬಿಡುತ್ತಿದ್ದ, ಹೋಮ್‌ವರ್ಕ್ ನೋಡುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಕತೆ ಹೇಳು ಎಂದರೆ ಪುಸ್ತಕ ತೆರೆದು ಓದುತ್ತಿದ್ದ. ಅವನ ಮುಖವನ್ನು ಹುಡುಕಿ ಹುಡುಕಿ ಸೋತ ಹೆಂಡತಿ, ಬರಬರುತ್ತ ಮಗಳ ಪಕ್ಕದಲ್ಲೇ ಮಲಗತೊಡಗಿದಳು.

ಒಂದು ಸಂಜೆ ಮಗಳು ಕ್ಲಿನಿಕ್ಕಿಗೆ ಬಂದು ತಾನಾಗಿಯೇ ಕುರ್ಚಿ ಹತ್ತಿದಳು. “ಅಪ್ಪಾ, ಈ ಹಲ್ಲು ಬೀಳೋ ಹಾಗಿದೆ. ನೀನೇ ತೆಗಿ.”

ತೆಗೆದ. ಅವಳಿಗೆ ಸ್ವಲ್ಪವೂ ನೋವಾಗಲಿಲ್ಲ. ಅವಳು ರಕ್ತದ ಬಾಯಲ್ಲೇ ನಕ್ಕು ಡ್ರಾಯರಿನ ಕಡೆ ನೋಡಿದಳು. ಅವನು ಚಿಮಟವನ್ನು ಕಸದ ಡಬ್ಬಿಯ ಮೇಲೆ ಒಯ್ದು ಹಲ್ಲನ್ನು ಬಿಟ್ಟ. ಟಿಣ್ ಎಂದು ಸದ್ದಾಯಿತು.

“ಬಾಯಿ ಮುಕ್ಕಳಿಸು,” ಎಂದ.

ಅವಳು ಮುಕ್ಕಳಿಸಿದಳು. ಕುರ್ಚಿ ಇಳಿದಳು. ಅಳಲಿಲ್ಲ. ಕಸದ ಡಬ್ಬಿಯೊಳಗೆ ಕೈ ಹಾಕಿ ರಕ್ತದ ಹತ್ತಿಗಳ ನಡುವೆ ತಡಕಾಡಿ ತನ್ನ ಹಲ್ಲನ್ನು ಹುಡುಕಿಕೊಂಡಳು. ತುದಿಗಾಲಲ್ಲಿ ನಿಂತು ಮೇಲಿನ ಡ್ರಾಯರು ಎಳೆದು, ಪುಟ್ಟ ಡಬ್ಬಿಯಲ್ಲಿ ಹಳೆಯದರ ಪಕ್ಕ ಹೊಸದನ್ನಿಟ್ಟು, ಸದ್ದಾಗದಂತೆ ಮುಚ್ಚಿದಳು.

ಬಾಗಿಲಲ್ಲಿ ಕ್ಯಾಂಪಿನ ಹೆಂಗಸು ದವಡೆ ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

“ಗ್ಲೌಸ್ ಇಲ್ಲದೆ ಅದರೊಳಗೆ ಕೈ ಹಾಕಬಾರದು,” ಎಂದ ಡಾಕ್ಟರ್ ಮಗಳಿಗೆ. ಸರಿಯಾದ ಮಾತೇ ಅದು. ಆಮೇಲೆ ಕೈ ತೊಳೆದುಕೊಂಡು, “ಬನ್ನಿ, ಕೂತ್ಕೊಳ್ಳಿ,” ಎಂದು ಮುಂದಿನವಳನ್ನು ಕರೆದ.