ಹೂವಿನ ಶೀಟಿನ ಕೆಳಗೆ

"ಅಲ್ಲೇ ಕುಂಡ್ರು. ಅಲಗ್ಯಾಡಬ್ಯಾಡ!" ಅಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಮರುಕ್ಷಣವೇ ಬಾಗಿಲು ತೆರೆದು, ಸಕ್ಕರೆ ಸುರಿದಂಥ ದನಿಯಲ್ಲಿ, "ಬರ್ರಿ ಬರ್ರಿ, ಒಳಗ ಬರ್ರಿ. ಖೋಲಿ ಹೆಂಗೈತಿ ನೋಡ್ರಿ!" ಎಂದ.

ಕಾಂಚನಾ ಸಮಾಜ ವಿಜ್ಞಾನದ ಪುಸ್ತಕ ಬಿಡಿಸಿ ತಲೆ ತಗ್ಗಿಸಿದಳು. ಈ ವಾರ ಖೋಲಿ ನೋಡಲು ಬಂದವರಲ್ಲಿ ಇವರು ನಾಲ್ಕನೆಯವರು. ನಾಲ್ಕು ಸಲವೂ ಅವಳಿಗೆ ಇದೇ ಜಾಗ, ಇದೇ ಪುಸ್ತಕ. ಐದನೇ ಕ್ಲಾಸಿನಲ್ಲಿ ಇಷ್ಟೊಂದು ಓದುವ ಹುಡುಗಿ ಇಡೀ ಬೆಟಗೇರಿಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅದು ಯಾಕೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವಳು ಕೂತದ್ದು ಓದಲಿಕ್ಕಲ್ಲ, ಒಂದು ಕುಣಿ ಕಾಣದಂತೆ ಮಾಡಲಿಕ್ಕೆ.

ಇದು ಹುಚ್ಚೀರಪ್ಪಜ್ಜ ಸೀರೆ ನೇಯುತ್ತಿದ್ದ ಖೋಲಿ. ಕೈಮಗ್ಗದ ಬುಡಕ್ಕೆ ನೆಲದಲ್ಲೊಂದು ಆಳವಾದ ಕುಣಿ ಇತ್ತು. ಅಜ್ಜ ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ ನೇಯುತ್ತಿದ್ದ. ಎರಡು ವರ್ಷದ ಹಿಂದೆ ಅಜ್ಜ ತೀರಿಕೊಂಡ. ಆಮೇಲೆ ಮಗ್ಗವನ್ನು ಯಾರೋ ಕೊಂಡುಕೊಂಡರು. ಕುಣಿಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ.

"ಖೋಲಿ ಸುಮ್ಮನ ಬಿದ್ದೈತಿ. ಬಾಡಿಗಿ ಕೊಡೂಣು" ಎಂದು ಅವ್ವ ಹೇಳಿದ್ದೇ ತಡ, ನೀರಿನ ಮೋಟಾರು ರಿಪೇರಿ ಮಾಡುವ ಅಪ್ಪ ಸುಭಾಸ ಖೋಲಿಯನ್ನೂ ರಿಪೇರಿ ಮಾಡಲು ಹೊರಟ. "ಬಜೆಟ್ ಕಮ್ಮಿ ಇರಬೇಕು, ಶೋ ಜಾಸ್ತಿ ಇರಬೇಕು" ಎಂದ.

ಬಜೆಟ್ ಎಷ್ಟು ಕಮ್ಮಿ ಎಂದರೆ, ಬಣ್ಣ ಹಚ್ಚುವ ಮಾಶಾಕ ಕಾಕಾ ಬೇರೆ ಬೇರೆ ಮನೆಗಳಲ್ಲಿ ಉಳಿದ ಡಬ್ಬಿಗಳನ್ನು ತರಬೇಕಾಯಿತು. ಒಂದು ಗೋಡೆ ಹಸಿರಾಯಿತು, ಇನ್ನೊಂದು ಗುಲಾಬಿ. ಉಳಿದದ್ದನ್ನೆಲ್ಲ ಕಲಸಿ ಮೂರನೆಯ ಗೋಡೆಗೆ ಬಳಿದರು. ಆ ಬಣ್ಣಕ್ಕೆ "ಜ್ವರ ಬಂದ ಬದನಿಕಾಯಿ" ಎಂದು ಅವ್ವ ಹೆಸರಿಟ್ಟಳು. ನಾಲ್ಕನೆಯ ಗೋಡೆಗೆ ಏನೂ ಉಳಿಯದೆ ಮೂರು ಕ್ಯಾಲೆಂಡರ್ ನೇತುಹಾಕಿದರು. ಅದರಲ್ಲಿ ಎರಡು ಹಿಂದಿನ ವರ್ಷದವು.

ಬಚ್ಚಲಿಗೆ ಬಂಗಾರದ ಬಣ್ಣದ ಹೊಸ ನಳ ಬಂತು. ನೀರು ಬರುವುದು ಎಂಟು ದಿನಕ್ಕೊಮ್ಮೆ, ನಳ ಮಾತ್ರ ದಿನಾಲೂ ಹೊಳೆಯುತ್ತಿತ್ತು.

ಇನ್ನು ಕುಣಿ. ಅದರ ಮೇಲೆ ಅಪ್ಪ ಒಂದು ಹಳೆಯ ಪ್ಲೈವುಡ್ ಮುಚ್ಚಿ, ಖೋಲಿ ತುಂಬ ಹೂವಿನ ಪ್ಲಾಸ್ಟಿಕ್ ಶೀಟು ಹಾಸಿದ. ನೋಡಲು ಚೆಂದವೇ ಇತ್ತು. ಆದರೆ ದೊಡ್ಡವರು ಕಾಲಿಟ್ಟರೆ ಪ್ಲೈವುಡ್ಡು 'ಕರ್ರ್' ಎಂದು ಗುಟ್ಟು ಬಿಟ್ಟುಕೊಡುತ್ತಿತ್ತು. ಅದಕ್ಕೇ ಯಾರಾದರೂ ಬಂದಾಗ ಇಪ್ಪತ್ತಾರು ಕಿಲೋ ತೂಕದ ಕಾಂಚನಾ ಅದರ ಮೇಲೆ ಕೂತು ಓದಬೇಕು. ಇಡೀ ಖೋಲಿಯಲ್ಲಿ ಎಲ್ಲಕ್ಕಿಂತ ಅಗ್ಗದ ರಿಪೇರಿ ಎಂದರೆ ಅವಳೇ!

ವಿಚಿತ್ರವೆಂದರೆ, ಕುಣಿ ತುಂಬಲು ಒಂದು ಪೈಸೆಯೂ ಬೇಕಿರಲಿಲ್ಲ. ಪಕ್ಕದ ಮನೆಯ ಮೈಲಾರಪ್ಪ ತನ್ನ ಹಳೆಯ ಗೋಡೆ ಕೆಡವಿ, ಕಲ್ಲು ಮಣ್ಣು ರಾಶಿ ಹಾಕಿದ್ದ. "ಸುಭಾಸ, ಒಯ್ಯೋ ಮಾರಾಯಾ. ನನ್ನ ಹುಡುಗ್ರ ತುಂಬಿ ಕೊಡ್ತಾರ. ಅರ್ಧ ಚೀಲ ಸಿಮೆಂಟೂ ಉಳದೈತಿ" ಎಂದು ದಿನಾ ಕರೆಯುತ್ತಿದ್ದ.

"ಇವತ್ತ ಅಮಾಸಿ" ಎನ್ನುತ್ತಿದ್ದ ಅಪ್ಪ. ಇನ್ನೊಮ್ಮೆ, "ಇವತ್ತ ಸೋಮವಾರ". ಮತ್ತೊಮ್ಮೆ, "ನಡಾ ನೋಯಾಕತ್ತೈತಿ". ಸೊಟ್ಟ ಮೊಳೆಯನ್ನೂ ಬಡಿದು ನೆಟ್ಟಗೆ ಮಾಡಿ ಇಟ್ಟುಕೊಳ್ಳುವ ಮನುಷ್ಯ, ಪುಕ್ಕಟೆ ಸಿಕ್ಕದ್ದನ್ನು ಬೇಡವೆಂದದ್ದು ಇದೇ ಮೊದಲು. ಬರೀ ಸೋಮಾರಿತನ, ಇನ್ನೇನು ಎಂದುಕೊಂಡಳು ಕಾಂಚನಾ.

ಇವತ್ತು ಬಂದವರು ಹಿರೇವಡ್ಡಟ್ಟಿಯ ಸೋಮೇಶ ಸರ್. ಅವರಿಗೆ ಇಲ್ಲೇ ಹತ್ತಿರದ ನಾಗಾವಿಯಲ್ಲಿ ಹೊಸ ಕೆಲಸ ಸಿಕ್ಕಿತ್ತು. ಜೊತೆಗೆ ಹೆಂಡತಿ, ಮೂರು ವರ್ಷದ ಮಗ ವೀರು, ಮತ್ತೆ ಮಗಳು ಮಂಜುಳಾ. ಮಂಜುಳಾ ಕೂಡ ಐದನೇ ಕ್ಲಾಸು!

ಕಾಂಚನಾಳ ಓಣಿಯಲ್ಲಿ ಇದ್ದವರೆಲ್ಲ ಹುಡುಗರೇ. ದಿನವೂ ಕ್ರಿಕೆಟ್. ಅವರು ಅವಳಿಗೆ ಕೊಟ್ಟಿದ್ದ ದೊಡ್ಡ ಪದವಿ ಎಂದರೆ ಗಟಾರದಿಂದ ಬಾಲು ಎತ್ತಿಕೊಡುವುದು.

ಮಂಜುಳಾ ಅವಳ ಹತ್ತಿರ ಬಗ್ಗಿ, "ನನ್ನ ಕಡೆ ಎರಡ ಶಟಲ್ ಬ್ಯಾಟ್ ಅದಾವು. ಆಡಾಕ ಯಾರೂ ಇಲ್ಲ" ಎಂದಳು.

"ನಾ ಅದೀನಲ್ಲ! ನಮ್ಮ ಟೆರೇಸ್ ಖಾಲಿ ಇರ್ತೈತಿ."

"ಹಂಗಾರ ನಮ್ಮಪ್ಪಗ ಇದ ಖೋಲಿ ಬೇಕಂತ ಹೇಳ್ತೀನಿ."

ಕಾಂಚನಾಳಿಗೆ ಎದ್ದು ಹಾರಬೇಕೆನ್ನಿಸಿತು. ಪ್ಲೈವುಡ್ಡು ನೆನಪಾಗಿ ಸುಮ್ಮನೆ ಕೂತಳು.

ಸೋಮೇಶ ಸರ್ ಬದನೆಕಾಯಿ ಗೋಡೆಯನ್ನು ಬಹಳ ಹೊತ್ತು ನೋಡಿದರು. "ಬಣ್ಣ... ಬ್ಯಾರೇನ ಐತ್ರಿ."

"ಲೇಟೆಸ್ಟ್ ರೀ!" ಎಂದ ಅಪ್ಪ.

"ಇರ್ಲಿ ಬಿಡ್ರಿ, ಖೋಲಿ ಹಿಡಿಸ್ತು. ಭಾನುವಾರ ಸಾಮಾನು ತರ್ತೀವಿ."

ಅಷ್ಟರಲ್ಲಿ ವೀರು ಕಾಂಚನಾಳ ಕಡೆ ಬಂದ. ಅವನಿಗೆ ನಡೆಯುವ ಅಭ್ಯಾಸ ಇದ್ದಂತಿರಲಿಲ್ಲ. ಎಲ್ಲಿಗೆ ಹೋದರೂ ಹಾರಿಯೇ ಹೋಗುತ್ತಿದ್ದ. ಒಂದು ಹೂವಿನಿಂದ ಇನ್ನೊಂದು ಹೂವಿಗೆ ಧಡ್ ಧಡ್ ಎಂದು ಹಾರುತ್ತ ಬಂದು, "ಅಕ್ಕಾ, ಏಳು. ಈ ಹೂವ ನಂದು!" ಎಂದು ಅವಳ ಪಕ್ಕದಲ್ಲೇ ನೆಗೆದ.

ಪ್ಲೈವುಡ್ಡು ಅವಳ ಕೆಳಗೆ ಒಮ್ಮೆ ಬಾಗಿ ಮೇಲೆದ್ದಿತು.

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಕ್ಯಾಲೆಂಡರಿನ ಕಡೆ ನೋಡಿದ. ಹೇಳಿದರೆ ಮಂಜುಳಾ ಹೋಗುತ್ತಾಳೆ, ಎರಡು ಬ್ಯಾಟುಗಳೂ ಹೋಗುತ್ತವೆ. ಹೇಳದಿದ್ದರೆ? ಭಾನುವಾರದಿಂದ ಈ ಪೋರ ಇಲ್ಲಿ ದಿನಾ ಹಾರುತ್ತಾನೆ. ಆಗ ಇಲ್ಲಿ ಕೂತು ಓದಲು ಅವಳಿರುವುದಿಲ್ಲ.

ಕಾಂಚನಾ ವೀರುವಿನ ಕೈ ಗಟ್ಟಿಯಾಗಿ ಹಿಡಿದು ಎದ್ದಳು. ಶೀಟು ಎತ್ತಿದಳು. "ಇಲ್ಲಿ ಕುಣಿ ಐತ್ರಿ. ಮ್ಯಾಲ ಬರೇ ಪ್ಲೈವುಡ್ ಮುಚ್ಚೇವಿ."

ವೀರುವಿನ ತಾಯಿ ಓಡಿ ಬಂದು ಮಗನನ್ನು ಎತ್ತಿಕೊಂಡಳು. ಸೋಮೇಶ ಸರ್ ಪ್ಲೈವುಡ್ಡು ಸರಿಸಿ ಒಳಗೆ ಇಣುಕಿದರು.

"ಏನ್ರೀ ಇದು? ಕೂಸು ಬಿದ್ದಿದ್ರ?" ಎಂದರು ಅಪ್ಪನಿಗೆ. ಆಮೇಲೆ ಕಾಂಚನಾಳನ್ನು ನೋಡಿ ದನಿ ತಗ್ಗಿಸಿದರು. "ಶನಿವಾರದ ಒಳಗ ಇದನ್ನ ತುಂಬಿಸ್ರಿ, ಬರ್ತೀವಿ. ಇಲ್ಲಂದ್ರ ಬ್ಯಾರೆ ಖೋಲಿ ನೋಡ್ತೀವಿ."

ಮಂಜುಳಾ ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ತನ್ನ ರಿಪೇರಿ ಅಂಗಡಿಗೆ ಹೋದ. ಅವ್ವ ನೇರವಾಗಿ ಮೈಲಾರಪ್ಪನ ಮನೆಗೆ ಹೋಗಿ, ಶನಿವಾರ ಹುಡುಗರನ್ನು ಕಳಿಸಬೇಕೆಂದು ಹೇಳಿ ಬಂದಳು. ಈ ಸಲ ಅಮಾವಾಸ್ಯೆಯನ್ನು ಯಾರೂ ಕೇಳಲಿಲ್ಲ.

ಶನಿವಾರ ಕಾಂಚನಾ ಶಾಲೆ ಬಿಟ್ಟು ಬಂದಾಗ, ಬುಟ್ಟಿ ಸಲಿಕೆ ಹಿಡಿದ ಇಬ್ಬರು ಅಂಗಳದಲ್ಲಿ ಕಾಯುತ್ತಿದ್ದರು. "ನಿಮ್ಮಪ್ಪನ್ನ ಕರಿಯವಾ, ಒಳಗ ಹೋಗಿ ಭಾಳ ಹೊತ್ತಾತು" ಎಂದರು.

ಮತ್ತೆ ಏನೋ ನೆಪ ಹುಡುಕುತ್ತಿರಬೇಕು! 'ಇವತ್ತ ಯಾವ ಅಮಾಸಿ, ಅಪ್ಪಾ?' ಎಂದು ಕೇಳಬೇಕೆಂದು ಮಾತು ರೆಡಿ ಮಾಡಿಕೊಂಡು ಅವಳು ಖೋಲಿಯ ಬಾಗಿಲು ತಳ್ಳಿದಳು.

ಶೀಟು ಮಡಚಿಟ್ಟಿತ್ತು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅಜ್ಜ ಕೂತು ಕೂತು ಅಲ್ಲಿನ ಕಲ್ಲು ನುಣ್ಣಗಾಗಿತ್ತು. ಕೆಳಗೆ ತುಳಿಯಲು ಹಲಗೆಗಳಿರಲಿಲ್ಲ. ಆದರೂ ಅಪ್ಪನ ಕಾಲುಗಳು ಬರಿ ನೆಲವನ್ನೇ ಒಂದಾದ ಮೇಲೊಂದು ತುಳಿಯುತ್ತಿದ್ದವು.

ಅವಳನ್ನು ಕಂಡು ಅಪ್ಪ ಕಾಲು ನಿಲ್ಲಿಸಿದ.

"ನಿನ್ನಷ್ಟಿದ್ದಾಗ ಶಾಲಿಯಿಂದ ಬಂದು ಇಲ್ಲೇ ನಮ್ಮಪ್ಪನ ಬಾಜೂಕ ಕುಂಡ್ರತಿದ್ದೆ" ಎಂದ. "ಕಾಲ ನೆಲಕ್ಕ ಮುಟ್ಟತಿದ್ದಿಲ್ಲ. ಮುಟ್ಟೂತನಕ ತಡಿಯೋ, ಆಮ್ಯಾಲೆ ಮಗ್ಗಾ ನಿಂದೇ ಅಂತಿದ್ದ." ನುಣ್ಣಗಿನ ಕಲ್ಲಿನ ಮೇಲೆ ಕೈಯಾಡಿಸಿದ. "ಮುಟ್ಟೂದ್ರಾಗ ನಾ ಮೋಟಾರ ಕೆಲಸಕ್ಕ ಹೋಗಿಬಿಟ್ಟೆ."

ಕಾಂಚನಾ ರೆಡಿ ಮಾಡಿಕೊಂಡಿದ್ದ ಮಾತನ್ನು ನುಂಗಿದಳು. ಸೋಮವಾರಕ್ಕೂ ನಡು ನೋವಿಗೂ ಬಜೆಟ್ಟಿಗೂ ಏನೂ ಸಂಬಂಧವಿರಲಿಲ್ಲ. ಅಪ್ಪನಿಗೆ ಅದನ್ನು ಮುಚ್ಚಲು ಮನಸ್ಸೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಅಪ್ಪನ ಮೇಲೆ ಒಮ್ಮೆಲೇ ಬಹಳ ಪ್ರೀತಿ ಉಕ್ಕಿತು. ಪಕ್ಕದಲ್ಲಿ ಕೂತು ತಾನೂ ಕಾಲು ಇಳಿಬಿಟ್ಟಳು. ಅವಳ ಕಾಲು ನೆಲಕ್ಕೆ ಮುಟ್ಟಲಿಲ್ಲ.

"ನಾಳೆ ನಿನ್ನ ಗೆಳತಿ ಬರಬೇಕಲ್ಲ" ಎಂದ ಅಪ್ಪ. "ತುಂಬಿಸೂಣು."

"ಹ್ಞೂಂ" ಎಂದಳು ಕಾಂಚನಾ.

ಹೊರಗಿನಿಂದ ದನಿ ಬಂತು. "ಅಣ್ಣಾರ, ಬುಟ್ಟಿ ತರೂನೇನ್ರಿ?"

ಅಪ್ಪನ ಕಾಲುಗಳು ಮತ್ತೆ ಬರಿ ನೆಲ ತುಳಿಯತೊಡಗಿದವು.

"ತಡೀರಿ!" ಎಂದು ಕಾಂಚನಾ ಕೂಗಿದಳು. "ಅವ್ವ ಚಾ ಇಟ್ಟಾಳ. ಕುಡದ ಸುರೂ ಮಾಡೂಣಂತ!"

ಅವಳು ಮೆಲ್ಲಗೆ ಎದ್ದು ಖೋಲಿಯ ಬಾಗಿಲು ಮುಂದೆ ಮಾಡಿ, ಅಡುಗೆಮನೆಗೆ ಓಡಿದಳು. ಅವ್ವ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ.

"ಅವ್ವಾ, ಚಾ ಇಡು" ಎಂದಳು. "ಜಲ್ದಿ ಏನಿಲ್ಲ. ಸಾವಕಾಶ ಕುದಿಸು."