ಮೂರು ನೀರು

“ಸುಟ್ಟು ಹಾಕಿ ಇದನ್ನ! ಒಂದು ಹಾಳೆನೂ ಈ ಮನೆಯಿಂದ ಆಚೆ ಹೋಗಬಾರದು!”

ಅತ್ತೆ ಹಾಗೆ ಕಿರುಚಿ, ಮಡಿಸಿಟ್ಟಿದ್ದ ಹಾಳೆಗಳ ಕಟ್ಟನ್ನೇ ಮೇಜಿನಿಂದ ನೆಲಕ್ಕೆ ಎಳೆದು ಹಾಕಿದಾಗ ಸೊಸೆಯ ಕೈಯಲ್ಲಿದ್ದ ದಬ್ಬಣ ಹಾಗೆಯೇ ನಿಂತುಬಿಟ್ಟಿತು. ಮನೆಯ ಮುಂಭಾಗದಲ್ಲೇ ಅವರ ಮುದ್ರಣಾಲಯ. ಯಂತ್ರ ಓಡಿಸುವವನು ಮಗ. ಮಡಿಸುವುದು, ಹೊಲಿಯುವುದು, ಅಂಟು ಹಚ್ಚುವುದು ಮಿಕ್ಕವರ ಪಾಲು. ಇಷ್ಟು ವರ್ಷ ಊರವರ ಕರಪತ್ರ, ರಸೀದಿ ಪುಸ್ತಕಗಳನ್ನೇ ಅಚ್ಚು ಹಾಕಿ ಸವೆದ ಆ ಯಂತ್ರದಲ್ಲಿ ಮೊದಲ ಬಾರಿಗೆ ಸೊಸೆಯೇ ಬರೆದ ಪುಸ್ತಕ ಮೂಡಿತ್ತು. ಮಕ್ಕಳ ಸಾಹಸ ಕಾದಂಬರಿ! ಅರವತ್ತು ವರ್ಷದ ಹಿಂದೆ ಗಡಿಯ ನದಿ ದಾಟಿ, ಕಾಡು ಕಡಿದು ನೆಲೆಯೂರಲು ಹೋದ ಒಂದು ಕುಟುಂಬ. ಧಾನ್ಯ ತರಲು ಹೋದ ಅಪ್ಪ ಅಮ್ಮ ನೆರೆ ಬಂದು ಆಚೆ ದಡದಲ್ಲೇ ಉಳಿದಾಗ ಹನ್ನೊಂದು ದಿನ ಗುಡಿಸಲಿನಲ್ಲಿ ಇಬ್ಬರೇ ಕಳೆದ ಹತ್ತು ವರ್ಷದ ಅಕ್ಕ, ಐದು ವರ್ಷದ ತಮ್ಮ. ಆ ಅಕ್ಕ ಬೇರೆ ಯಾರೂ ಅಲ್ಲ, ಈ ಅತ್ತೆಯೇ. ಸಾವಿರ ಪ್ರತಿಗಳು ಮರುದಿನ ಬೆಳಿಗ್ಗೆ ಶಾಲೆಗಳಿಗೆ ಹೊರಡಬೇಕಿತ್ತು.

ಅತ್ತೆಗೆ ಅಕ್ಷರ ಬಾರದು. ಹಾಳೆ ಮಡಿಸುತ್ತಾ ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದಳು: “ಅಕ್ಕ ಕಹಿಗೆಡ್ಡೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೇಯಿಸಿ ತಮ್ಮನಿಗೆ ಕೊಟ್ಟಳು. ಅವನು ಹೊಟ್ಟೆ ತುಂಬಾ ತಿಂದು ನಕ್ಕನು.” ಓದಿ ಮುಗಿಸಿ ಕಣ್ಣರಳಿಸಿದ್ದಳು. “ಅಜ್ಜೀ, ಕೆರೆ ಹಿಂದಿನ ಬೇಲೀಲಿ ಈ ಗೆಡ್ಡೆ ಬಳ್ಳಿ ಇದೆ ಅಂತ ನೀನೇ ತೋರಿಸಿದ್ಯಲ್ಲಾ! ಭಾನುವಾರ ನಾವು ಗೆಳತಿಯರೆಲ್ಲಾ ಸೇರಿ ಹೀಗೇ ಬೇಯಿಸ್ಕೊಂಡು ತಿಂತೀವಿ!”

ಅಷ್ಟೇ. ಮುದುಕಿಗೆ ಮೈಮೇಲೆ ಬಂದಂತಾಯಿತು.

ಮಗ ಯಂತ್ರ ನಿಲ್ಲಿಸಿ ಬಂದ. “ಏನಮ್ಮಾ ಇದು ಹುಚ್ಚಾಟ? ಅವಳಿಗೆ ನಾಲ್ಕು ಜನ ಭೇಷ್ ಅಂತಾರೆ ಅಂದ್ರೆ ನಿನಗೆ ಸಹಿಸಕ್ಕೆ ಆಗಲ್ವಾ?”

ಮಗನನ್ನು ಪೂರ್ತಿ ದೂರುವಂತೆಯೂ ಇಲ್ಲ. ಹದಿನಾಲ್ಕು ವರ್ಷದಲ್ಲಿ ಈ ಅತ್ತೆಯ ಬಾಯಿಂದ ಸೊಸೆಯ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಸೊಸೆ ಒರೆಸಿದ ನೆಲವನ್ನು ಅವಳೆದುರೇ ಮತ್ತೊಮ್ಮೆ ಒರೆಸುವ ಮಹಾತಾಯಿ! ಕಾಡಿನ ದಿನಗಳ ಕಥೆಯನ್ನೂ ಕಾಡಿಸಿ ಪೀಡಿಸಿದ ಮೇಲೆಯೇ, ಪಾತ್ರೆ ಉಜ್ಜುತ್ತಾ ಒಂದೊಂದು ತುಣುಕು ಹೇಳಿದ್ದರು. ಸೊಸೆ ಅದನ್ನು ಹಾಳಾದ ಅಚ್ಚಿನ ಹಾಳೆಗಳ ಬೆನ್ನಿಗೆ ಬರೆದುಕೊಂಡಿದ್ದಳು.

“ನೀವೇ ಹೇಳಿದ್ದಲ್ವಾ ಅತ್ತೆ... ಒಂದು ರಾತ್ರಿ ನೆನೆಸಿದೆ, ಬೇಯಿಸಿದೆ, ತಮ್ಮನಿಗೆ ಕೊಟ್ಟೆ ಅಂತ. ನಾನು ಸೇರಿಸಿದ್ದು ಆಮೇಲಿನ ನಗು ಒಂದನ್ನೇ...”

“ಹೌದು ಹೇಳ್ದೆ! ಆಮೇಲೆ ಎದ್ದು ಒಳಗೆ ಹೋದೆ. ಯಾಕೆ ಹೋದೆ ಅಂತ ಕೇಳಿದ್ಯಾ ನೀನು?”

ಸೊಸೆ ದಬ್ಬಣವನ್ನು ಕೆಳಗಿಟ್ಟಳು. ಅತ್ತೆ ಕೂರಲಾರದೆ, ನಿಲ್ಲಲಾರದೆ ಯಂತ್ರಕ್ಕೂ ಬಾಗಿಲಿಗೂ ಓಡಾಡತೊಡಗಿದರು.

“ಮೂರು ದಿನ ನೆನೆಸ್ಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು. ಇಲ್ಲಾಂದ್ರೆ ವಿಷ! ನನಗೆ ಗೊತ್ತಿತ್ತು ಕಣೇ... ಅಮ್ಮ ಹೇಳೇ ಹೋಗಿದ್ಲು. ಆದ್ರೆ ಎಂಟನೇ ದಿನ ಹಿಟ್ಟೆಲ್ಲಾ ಮುಗೀತು. ಅವನು ಅಕ್ಕಾ ಅಕ್ಕಾ ಅಂತ ಒಂದೇ ಸಮನೆ ಅಳ್ತಿದ್ದ. ತಡ್ಕೊಳ್ಳಕ್ಕೆ ಆಗ್ಲಿಲ್ಲ... ಒಂದೇ ರಾತ್ರಿ ನೆನೆಸಿ ಕೊಟ್ಬಿಟ್ಟೆ! ಸಂಜೆ ಹೊತ್ತಿಗೆ ನನ್ನ ತೊಡೆ ಮೇಲೇ ಹೋಗ್ಬಿಟ್ಟ. ಅಪ್ಪ ಅಮ್ಮ ಬಂದಾಗ ಜ್ವರ ಅಂದೆ. ಇವತ್ತಿನವರೆಗೂ ಜ್ವರ ಅಂತಲೇ ಹೇಳ್ಕೊಂಡು ಬಂದೆ...”

ಮಗ ತಲೆಯ ಮೇಲೆ ಕೈ ಹೊತ್ತು ಕಾಗದದ ರಾಶಿಯ ಮೇಲೆ ಕುಸಿದ. ತನ್ನ ತಾಯಿ ಅತ್ತದ್ದನ್ನು ಅವನು ಕಂಡದ್ದು ಅದೇ ಮೊದಲು. ಅರವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡ ಜೀವ, ಯಾರದೋ ಮಕ್ಕಳು ಉಳಿಯಲೆಂದು ತನ್ನ ಮಾನವನ್ನು ತಾನೇ ತೆಗೆದು ಬೀದಿಗಿಟ್ಟಿತ್ತು! ಮೊಮ್ಮಗಳು ಬಿಕ್ಕುತ್ತಾ ಅಜ್ಜಿಯ ಸೆರಗು ಹಿಡಿದಳು.

ಸೊಸೆ ಎದ್ದು ನಿಂತಳು. “ಗೆಡ್ಡೆ ವಿಷಯ ಬರೋ ಆ ಹದಿನಾರು ಪುಟದ ಮಡಿಕೆ ಅಷ್ಟನ್ನೂ ತೆಗೆದುಬಿಡಿ ರೀ. ಹೊಸದಾಗಿ ಬರೆದು ಕೊಡ್ತೀನಿ, ಮತ್ತೆ ಅಚ್ಚು ಹಾಕಿ.”

“ನಾಳೆ ಬೆಳಿಗ್ಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ ಕಣೇ. ಪುಸ್ತಕನೇ ಬೇಡ ಅಂದ್ಬಿಟ್ರೆ?”

“ಬೇಡ ಅಂದ್ರೆ ಬೇಡ!”

ನಂತರ ಅವಳು ಅತ್ತೆಯ ಮುಂದೆ ಬಂದು ದನಿ ತಗ್ಗಿಸಿದಳು. “ಏನಂತ ಬರೀಲಿ ಅತ್ತೆ? ನಡೆದದ್ದನ್ನೇ ಬರೀಲಾ?”

“ಬೇಡ!” ಅತ್ತೆ ಬೆಚ್ಚಿದರು. ಬಾಗಿಲವರೆಗೆ ಹೋಗಿ ತಿರುಗಿ ಬಂದರು. “ಆ ಹುಡುಗನ್ನ ಮೂರು ದಿನ ಕಾಯಿಸು. ಅವನು ಅಳ್ತಾನೆ, ಹೊರಳಾಡ್ತಾನೆ, ಕೆಟ್ಟ ಅಕ್ಕ ಅಂತಾನೆ... ಆದ್ರೂ ಕೊಡ್ಬೇಡ. ನನ್ನ ಕೈಲಿ ಆಗ್ಲಿಲ್ಲ. ನಿನ್ನ ಕಥೇಲಿರೋ ಆ ಹುಡುಗಿ ಕೈಲಾದ್ರೂ ಆಗ್ಲಿ!”

ಸೊಸೆ ಅಲ್ಲೇ, ಶಾಯಿ ಡಬ್ಬಿಗಳ ನಡುವೆ ನೆಲದ ಮೇಲೆ ಕುಳಿತು ಬರೆಯತೊಡಗಿದಳು. ಅತ್ತೆಗೆ ನಿಂತಲ್ಲಿ ನಿಲ್ಲಲಾಗದು. ಹಿತ್ತಲಿಗೆ ಹೋಗುವರು, ಬರುವರು, ಬಾಗಿಲಲ್ಲಿ ಇಣುಕುವರು.

“ಮೊದಲನೇ ನೀರು ಚೆಲ್ಲಿದ್ಲಾ?”

“ಚೆಲ್ಲಿದ್ಲು ಅತ್ತೆ.”

ಮತ್ತೆ ಸ್ವಲ್ಪ ಹೊತ್ತಿಗೆ, “ಈಗೆಷ್ಟನೇ ದಿನ?”

“ಎರಡನೇದು.”

“ತುಂಬಾ ಅಳ್ತಿದ್ದಾನಾ?”

ಸೊಸೆಗೆ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. “ಅಳ್ತಿದ್ದಾನೆ ಅತ್ತೆ. ಅಕ್ಕ ಅವನನ್ನ ಎತ್ಕೊಂಡು ಗುಡಿಸಲ ತುಂಬಾ ಓಡಾಡ್ತಿದ್ದಾಳೆ. ಕೊಟ್ಟಿಲ್ಲ.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಮತ್ತೆ ಹಿತ್ತಲಿಗೆ ನಡೆದರು. ದೀಪ ಹಚ್ಚುವ ಹೊತ್ತಿಗೆ ಯಂತ್ರ ಹೊಸ ಹಾಳೆಯನ್ನು ಹೊರಹಾಕಿತು. ಮಗ ಅದನ್ನು ಶಾಯಿ ಆರುವ ಮುಂಚೆಯೇ ತಂದು ಹೆಂಡತಿಯ ಕೈಗಿತ್ತ. ಅತ್ತೆ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು, ಒಳಗೆ ಬರುವ ಧೈರ್ಯವಿಲ್ಲ.

“ತಿಂದ್ನಾ?”

“ತಿಂದ ಅತ್ತೆ. ಎರಡು ಸಲ ಹಾಕಿಸ್ಕೊಂಡು ತಿಂದ.”

ಅತ್ತೆ ಮೆಲ್ಲನೆ ಬಂದು ಸೊಸೆಯ ಪಕ್ಕದಲ್ಲಿ ಕುಳಿತರು. ಆ ದಿನವೆಲ್ಲಾ ಅವರು ಕುಳಿತದ್ದು ಆಗಲೇ.

“ಹ್ಞೂಂ... ಅವನಿಗೆ ಯಾವಾಗ್ಲೂ ಎರಡು ಸಲ ಬೇಕು,” ಎಂದರು.