ತಟ್ಟಿದ ಕೈ

ಮನೆ ಪರೀಕ್ಷಕನಿಗೆ ಮನುಷ್ಯರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ. ಗೋಡೆಗಳ ಮಾತನ್ನು ಕೇಳುತ್ತಿದ್ದ. ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಗಾರೆ ಎಲ್ಲಿ ಬಿಟ್ಟಿದೆ, ಒಳಗೆಲ್ಲಿ ಟೊಳ್ಳಾಗಿದೆ ಎಂದು ಹೇಳಿಬಿಡುತ್ತಿದ್ದ. ಚೀಲದಲ್ಲಿ ಯಂತ್ರಗಳಿದ್ದವು, ನಂಬಿಕೆ ಮಾತ್ರ ಗೆಣ್ಣಿನ ಮೇಲೆ.

ಮಾರಾಟಕ್ಕಿಡುವ ಮೊದಲು ಮನೆ ತೋರಿಸಲು ಅವನನ್ನು ಕರೆದವಳು ಕಾರು ಓಡಿಸಲು ಕಲಿಸುವ ಹೆಂಗಸು. ನಡುಮನೆಯಲ್ಲಿ ಅವಳ ಅಣ್ಣ ಕೂತಿದ್ದ. ಎರಡೂ ಕೈಗಳಿಗೆ ಮಣಿಕಟ್ಟಿನವರೆಗೆ ದಪ್ಪ ಟವೆಲು ಸುತ್ತಿತ್ತು. ಸುಟ್ಟುಕೊಂಡಿರಬೇಕು ಎಂದುಕೊಂಡ ಪರೀಕ್ಷಕ.

ಹಿಂದಿನ ಕೋಣೆಯ ಬಾಗಿಲಲ್ಲಿ ಅವಳು ಅಡ್ಡ ನಿಂತಳು.

"ಈ ಗೋಡೆ ಒಂದು ತಟ್ಟಬೇಡಿ ಸಾರ್. ಮನೆ ಮಾರಬಾರದು ಅಂತ ನಮ್ಮತ್ತಿಗೆ ಮಾಟ ಮಾಡಿಸಿ ಒಳಗೆ ಏನೋ ಇಡಿಸಿದ್ಲು. ತಟ್ಟಿದ ಕೈ ಆಮೇಲೆ..."

"ಗೋಡೆಗೆ ಅತ್ತಿಗೆ ನಾದಿನಿ ಗೊತ್ತಿರಲ್ಲ ಮೇಡಂ. ಸಿಮೆಂಟು ಮರಳು ಅಷ್ಟೇ."

ಅವನಿಗೆ ಅವಸರವೂ ಇತ್ತು. ಹೆಂಡತಿ ಆಗಲೇ ಫೋನು ಮಾಡಿದ್ದಳು. ಹನ್ನೊಂದು ತಿಂಗಳ ಮಗಳು ಮಧ್ಯಾಹ್ನ ಅಪ್ಪ ಬೆನ್ನು ತಟ್ಟದೆ ಕಣ್ಣು ಮುಚ್ಚುತ್ತಿರಲಿಲ್ಲ. ಗೋಡೆ ತಟ್ಟುವ ಕೈಗೇ ಕೂಸು ಒಲಿದಿದೆ ಎಂದು ಹೆಂಡತಿ ಹಂಗಿಸುತ್ತಿದ್ದಳು.

ಅವಳ ಪಕ್ಕದಿಂದ ನುಸುಳಿ ಒಳಹೋದ. ಕೋಣೆಗೆ ಕಿಟಕಿಯಿರಲಿಲ್ಲ. ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಕೂದಲು ಸುಟ್ಟ ಕಮಟು. ಕತ್ತಲು ಟಾರ್ಚಿನ ಬೆಳಕನ್ನು ನಾಲ್ಕಡಿಗೇ ನುಂಗುತ್ತಿತ್ತು. ತಟ್ಟಿದ. ಗಟ್ಟಿ. ಮತ್ತೆ ತಟ್ಟಿದ. ಗಟ್ಟಿ. ಮೂರನೆಯ ಸಲ ಗೆಣ್ಣು ತಾಗುವ ಮೊದಲೇ ಒಳಗಿನಿಂದ ಸದ್ದು ಬಂತು. ಅದೇ ಜಾಗದಿಂದ. ತಣ್ಣನೆಯದೊಂದು ಗೆಣ್ಣಿನೊಳಗೆ ಇಳಿದು ಮಣಿಕಟ್ಟಿನಲ್ಲಿ ನಿಂತಿತು.

ಇಲಿ, ಎಂದು ತನಗೇ ಹೇಳಿಕೊಂಡ.

ಹೊರಬರುತ್ತ ಬಾಗಿಲ ಚೌಕಟ್ಟು ತಟ್ಟಿ ನೋಡಿದ. ಒಳಹೋಗುವಾಗ ತಟ್ಟಿದಾಗ ಗಟ್ಟಿಯಿದ್ದ ಮರ ಈಗ ಒಣ ಸೋರೆಬುರುಡೆಯಂತೆ ಸದ್ದು ಮಾಡಿತು. ಊಟದ ಮೇಜು ತಟ್ಟಿದ. ಮೇಲಿದ್ದ ಲೋಟದ ಭಾರಕ್ಕೆ ಹಲಗೆ ಕುಸಿಯಿತು. ಗೆದ್ದಲು ಹಿಡಿದಿದೆ ಎಂದು ಬರೆದುಕೊಂಡ. ಅಣ್ಣ ಅವನನ್ನೇ ನೋಡುತ್ತ, ಸುತ್ತಿದ ಕೈಗಳನ್ನು ತೊಡೆಗಳ ನಡುವೆ ಇನ್ನಷ್ಟು ಒತ್ತಿಕೊಂಡ. ತಂಗಿ ಮಾತು ಮುಗಿಸಲು ಗೇಟಿನವರೆಗೂ ಬಂದಳು. ಅವನು ಕಾರು ಹೊರಡಿಸಿಬಿಟ್ಟ.

ಮನೆಯಲ್ಲಿ ಕರೆಗಂಟೆ ಕೆಟ್ಟಿತ್ತು. ಬಾಗಿಲು ತಟ್ಟಿದ. ತಾನೇ ಆರಿಸಿ ತಂದ ಒಂದೇ ಹಲಗೆಯ ಬಾಗಿಲು. ಹೆಂಡತಿ ಚಿಲಕ ತೆಗೆದಾಗ ಅದು ಮೊಟ್ಟೆಯ ಸಿಪ್ಪೆಯಂತೆ ಒಡೆದು ಬಿತ್ತು. ಒಳಗೆ ಹುಳುವಿರಲಿಲ್ಲ, ಹುಡಿಯಿರಲಿಲ್ಲ. ಏನೂ ಇರಲಿಲ್ಲ.

ಚೀರುತ್ತಿದ್ದ ಮಗುವನ್ನು ಅವನ ಹೆಗಲಿಗೆ ಹಾಕಿ ಹೆಂಡತಿ ಬಾಗಿಲ ಚೂರು ಆಯಲು ಬಗ್ಗಿದಳು. ಅವನು ಎಡಗೈಯಲ್ಲಿ ಫೋನು ತೆಗೆದು ಆ ಹೆಂಗಸಿಗೆ ಕರೆ ಮಾಡಿದ.

"ತಟ್ಟಿದ ಕೈ ಆಮೇಲೆ ಏನು? ಏನೋ ಹೇಳ್ತಿದ್ರಲ್ಲ."

"ತಟ್ಟಿದ್ದೆಲ್ಲ ಒಳಗೆ ಖಾಲಿ ಆಗುತ್ತೆ ಸಾರ್. ನಮ್ಮಣ್ಣ ಆ ಗೋಡೆಗೆ ಮೊಳೆ ಹೊಡೆಯೋಕೆ ಹೋಗಿ ತಟ್ಟಿ ನೋಡಿದ್ದ. ಸಂಜೆ ಅತ್ತಿಗೆಗೆ ಅನ್ನ ನೆತ್ತಿಗೆ ಹತ್ತಿತು. ಪಾಪ, ಬೆನ್ನು ತಟ್ಟಿದ. ಮಾಡಿಸಿದವಳೇ ಹೋದ್ಲು."

ಜೀವನದಲ್ಲಿ ಮೊದಲ ಬಾರಿಗೆ ಅವನು ಒಬ್ಬರ ಮಾತನ್ನು ಪೂರ್ತಿ ಕೇಳಿದ. ಕೇಳುತ್ತಿದ್ದಂತೆ ಮಗುವಿನ ಅಳು ನಿಂತಿತ್ತು. ಯಾಕೆ ನಿಂತಿತು ಎಂದು ಆಗ ಹೊಳೆಯಿತು.

ಬಲಗೈ ತಟ್ಟುತ್ತಿತ್ತು. ತನ್ನಷ್ಟಕ್ಕೆ. ದಿನದಂತೆ.

ಕೈ ನಿಲ್ಲಿಸಿದ. ತಡವಾಗಿತ್ತು. ಆ ಸದ್ದು ಅವನಿಗೆ ಗೊತ್ತಿತ್ತು. ಸಾವಿರ ಗೋಡೆಗಳಲ್ಲಿ ಕೇಳಿದ ಸದ್ದು. ಹೆಗಲ ಮೇಲೆ ಭಾರವೇ ಇರಲಿಲ್ಲ. ಮಗಳ ಕಣ್ಣು ಅರ್ಧ ತೆರೆದಿತ್ತು.

"ಈ ಮಾಟ ತೆಗೆಸೋಕೆ ದಾರಿ ಇದೆಯಾ?"



"ಇದ್ದಿದ್ರೆ ನಮ್ಮಣ್ಣ ಹಾಗ್ಯಾಕೆ ಕೂತಿರ್ತಿದ್ದ ಸಾರ್."

ಹೆಂಡತಿ ಚೂರು ಆಯುವುದನ್ನು ಬಿಟ್ಟು ತಲೆಯೆತ್ತಿದಳು. ಕೂಸು ಮಲಗಿತಾ ಎಂದು ಸನ್ನೆಯಲ್ಲೇ ಕೇಳಿದಳು.

ಆ ಮಧ್ಯಾಹ್ನ ಹೋದದ್ದು ಇಷ್ಟು: ಒಂದು ಚೌಕಟ್ಟು, ಒಂದು ಮೇಜು, ಒಂದು ಬಾಗಿಲು, ಒಂದು ಮಗು.